ವಾಕ್‌ಸ್ಖಲನವೂ ಶ್ವಾಸಸಾಧನೆಯೂ: ದ್ವಿಭಾಷಿಗಳ ಉಗ್ಗಿನ ವಿಷಯದಲ್ಲಿ ಒಂದು ವಿಮರ್ಶೆ

೧

ಉಗ್ಗುವವನಿಗೆ ಉಸಿರು ಸಾಲದು, ಉಸಿರನ್ನು ತಿದ್ದಿದರೆ ಮಾತು ತಾನಾಗಿಯೇ ತಿದ್ದಿಕೊಳ್ಳುವುದು ಎಂಬ ಅಭಿಪ್ರಾಯವು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಮನೆಯ ಹಿರಿಯರ ಬುದ್ಧಿವಾದವು ಇದೇ. ಯೋಗಾಭ್ಯಾಸವನ್ನು ಕಲಿಸುವವರ ಉಪದೇಶವು ಇದೇ. ಪಾಶ್ಚಾತ್ಯದೇಶಗಳಲ್ಲಿ ಹುಟ್ಟಿ ಇಲ್ಲಿಗೂ ಬಂದಿರುವ ಕೆಲವು ಚಿಕಿತ್ಸಾಕ್ರಮಗಳ ತಳಹದಿಯೂ ಇದೇ. ಈ ಮತಕ್ಕೆ ಶಾಸ್ತ್ರದ ಒತ್ತಾಸೆಯನ್ನು ಕೊಡುವವರೂ ಉಂಟು. ಅವರ ವಾದದ ಸಾರವು ಇಷ್ಟು: ವೇದಾಂಗವಾದ ಶಿಕ್ಷೆಯು ವರ್ಣೋತ್ಪತ್ತಿಗೆ ವಾಯುವೇ ಕಾರಣವೆಂದಿತು, ಆಯುರ್ವೇದವು ಗದ್ಗದಕ್ಕೆ ವಾಯುವೇ ಕಾರಣವೆಂದಿತು, ಯೋಗಶಾಸ್ತ್ರವು ವಾಯುಜಯಕ್ಕೆ ಪ್ರಾಣಾಯಾಮವನ್ನು ವಿಧಿಸಿತು, ಆದುದರಿಂದ ಪ್ರಾಣಾಯಾಮದಿಂದ ಗದ್ಗದವು ನಿವೃತ್ತವಾಗುವುದು. ಮೂರು ಶಾಸ್ತ್ರಗಳ ಮೂರು ಮಾತುಗಳು ಒಂದೇ ದಾರದಲ್ಲಿ ಪೋಣಿಸಲ್ಪಟ್ಟು ನೋಡುವುದಕ್ಕೆ ಸೊಗಸಾಗಿಯೇ ಇವೆ. ಆ ದಾರವು ಗಟ್ಟಿಯಾದುದೇ ಎಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶವು.

ಇದು ಪಂಡಿತರ ಮನೋವಿನೋದಕ್ಕೆ ಮಾತ್ರ ಸಂಬಂಧಪಟ್ಟ ಚರ್ಚೆಯಲ್ಲ. ಬಾಲ್ಯದಲ್ಲಿ ನೂರಕ್ಕೆ ಸುಮಾರು ೫ ಮಂದಿಗೆ ಉಗ್ಗು ತಲೆದೋರುವುದೆಂದೂ, ಅವರಲ್ಲಿ ಹೆಚ್ಚಿನವರಿಗೆ ಅದು ಕಾಲಕ್ರಮದಲ್ಲಿ ಬಿಟ್ಟುಹೋಗುವುದೆಂದೂ, ಪ್ರಾಪ್ತವಯಸ್ಕರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಉಳಿದುಕೊಳ್ಳುವುದೆಂದೂ ಬಲ್ಲವರು ಹೇಳುವರು. ಹೀಗೆ ಉಳಿದವರಲ್ಲಿ ನಮ್ಮ ದೇಶದ ಬಹುಮಂದಿ ಎರಡು ಭಾಷೆಗಳಲ್ಲಿ ಬದುಕತಕ್ಕವರು. ಮನೆಯಲ್ಲಿ ಕನ್ನಡ, ಕಛೇರಿಯಲ್ಲಿ ಇಂಗ್ಲಿಷು. ತಾಯಿಯೊಡನೆ ಒಂದು, ಮೇಲಧಿಕಾರಿಯೊಡನೆ ಇನ್ನೊಂದು. ಇಂಥವನೊಬ್ಬನು ಆರು ತಿಂಗಳು ನಿಷ್ಠೆಯಿಂದ ಶ್ವಾಸಸಾಧನೆಯನ್ನು ಮಾಡಿ, ಉದ್ಯೋಗದ ಸಂದರ್ಶನದಲ್ಲಿ ತನ್ನ ಹೆಸರನ್ನೇ ಹೇಳಲಾರದೆ ನಿಂತನೆನ್ನೋಣ. “ಉಸಿರೇ ಮದ್ದು” ಎಂದವರು ಆಗ ಏನೆನ್ನುವರು? ನಿನ್ನ ಸಾಧನೆ ಸಾಲದು ಎನ್ನುವರು. ಮೊದಲೇ ಇದ್ದ ಬಾಧೆಯ ಮೇಲೆ ಅಪರಾಧದ ಹೊರೆಯೊಂದು ಕೂಡಿಕೊಳ್ಳುವುದು. ಕಾರಣನಿರ್ಣಯದಲ್ಲಿ ಶಾಸ್ತ್ರಜ್ಞನು ತಪ್ಪಿದರೆ ದಂಡವನ್ನು ತೆರುವವನು ರೋಗಿ. ಆದಕಾರಣ ಈ ನಿರ್ಣಯವನ್ನು ಎಚ್ಚರದಿಂದ ಮಾಡತಕ್ಕುದು.

೨

ಮೊದಲು ಪದಗಳ ವಿಚಾರ. ಕನ್ನಡದಲ್ಲಿ ತೊದಲು, ಉಗ್ಗು, ಬಿಕ್ಕಲು, ತಡವರಿಕೆ ಎಂಬ ಮಾತುಗಳು ಒಂದರ ಸ್ಥಾನದಲ್ಲಿ ಒಂದು ಬಳಕೆಯಾಗುತ್ತಿದ್ದರೂ ಅವುಗಳ ಮುಖ್ಯಾರ್ಥವು ಒಂದೇ ಅಲ್ಲ. ತೊದಲು ಎಂಬುದು ಮುಖ್ಯವಾಗಿ ಎಳೆಯ ಮಕ್ಕಳ ಸ್ಫುಟವಾಗದ ನುಡಿ; ಅಲ್ಲಿ ವರ್ಣವು ಕೆಡುವುದು, ಪ್ರವಾಹವು ಕೆಡುವುದಿಲ್ಲ. ತಡವರಿಕೆಯು ಹೇಳಬೇಕಾದುದು ತೋಚದವನದು. ಉಗ್ಗು ಇವೆರಡರಿಂದಲೂ ಬೇರೆ. ಉಗ್ಗುವವನಿಗೆ ಹೇಳಬೇಕಾದ ಮಾತು ಚೆನ್ನಾಗಿ ತಿಳಿದಿದೆ. ವರ್ಣಗಳ ಉಚ್ಚಾರಣೆಯೂ ಬರುತ್ತದೆ. ಆದರೂ ಮಾತು ಹೊರಡುವ ಕ್ಷಣದಲ್ಲಿ ಅಕ್ಷರವು ಮರಳಿ ಮರಳಿ ಬರುವುದು, ಅಥವಾ ಎಳೆಯಲ್ಪಡುವುದು, ಅಥವಾ ಕಂಠದಲ್ಲಿಯೇ ಸಿಕ್ಕಿಕೊಂಡು ನಿಲ್ಲುವುದು. ಸಂಸ್ಕೃತದಲ್ಲಿ ಇದಕ್ಕೆ ಹತ್ತಿರವಾದುದು ಗದ್ಗದ ಶಬ್ದ. ಕಂಡ್ವಾದಿಗಣದಲ್ಲಿ ಈ ಶಬ್ದವು ವಾಕ್‌ಸ್ಖಲನವೆಂಬ ಅರ್ಥದಲ್ಲಿ ಪಠಿತವಾಗಿದೆ. ಕಾವ್ಯಗಳಲ್ಲಿ ಮಾತ್ರ ಅದು ಶೋಕಹರ್ಷಾದಿಗಳಿಂದ ಕಟ್ಟಿದ ಕೊರಳಿಗೂ ಸಲ್ಲುವುದು. ಆ ಅರ್ಥವನ್ನು ಇಲ್ಲಿ ಬಿಡತಕ್ಕುದು.

ಈ ವಿವೇಚನೆಯಿಂದ ಒಂದು ಸಂಗತಿಯು ಸ್ಫುಟವಾಗುವುದು. ಉಗ್ಗು ಜ್ಞಾನದ ಕೊರತೆಯಲ್ಲ, ಉಚ್ಚಾರಣಶಕ್ತಿಯ ಕೊರತೆಯೂ ಅಲ್ಲ. ಶಕ್ತಿಯು ಕಾರ್ಯಕ್ಕೆ ಇಳಿಯುವ ಸಂಧಿಯಲ್ಲಿ ಉಂಟಾಗುವ ತಡೆ ಅದು. ಈ ಸಂಧಿಯು ಎಲ್ಲಿದೆ ಎಂಬುದೇ ಪ್ರಶ್ನೆ.

೩

ಇನ್ನು ಶಾಸ್ತ್ರಗಳು. ಪಾಣಿನೀಯಶಿಕ್ಷೆಯಲ್ಲಿ ವರ್ಣೋತ್ಪತ್ತಿಯ ಕ್ರಮವು ಪ್ರಸಿದ್ಧವಾದುದು. ಆತ್ಮನು ಬುದ್ಧಿಯ ಮೂಲಕ ಅರ್ಥಗಳನ್ನು ಕೂಡಿಸಿಕೊಂಡು, ಹೇಳಬೇಕೆಂಬ ಇಚ್ಛೆಯಿಂದ ಮನಸ್ಸನ್ನು ಪ್ರೇರಿಸುವನು. ಮನಸ್ಸು ಕಾಯಾಗ್ನಿಯನ್ನು ಬಡಿಯುವುದು. ಅಗ್ನಿಯು ಮಾರುತವನ್ನು ಪ್ರೇರಿಸುವುದು. ಮಾರುತವು ಎದೆಯಲ್ಲಿ ಸಂಚರಿಸಿ, ಮೇಲಕ್ಕೆ ಏರಿ, ಮೂರ್ಧವನ್ನು ತಾಕಿ, ಬಾಯಿಗೆ ಬಂದು ವರ್ಣಗಳನ್ನು ಹುಟ್ಟಿಸುವುದು. ಪೂರ್ವಪಕ್ಷದವರು ಈ ಸರಣಿಯ ಕೊನೆಯ ಕೊಂಡಿಯನ್ನು ಮಾತ್ರ ಹಿಡಿದಿರುವರು. ಮಾರುತಕ್ಕಿಂತ ಮೊದಲು ಆತ್ಮ, ಬುದ್ಧಿ, ಮನಸ್ಸು, ಕಾಯಾಗ್ನಿ ಎಂಬ ನಾಲ್ಕು ಕೊಂಡಿಗಳಿವೆ. ಉಸಿರು ಐದನೆಯದು, ಅದು ಪ್ರೇರಕವಲ್ಲ, ಪ್ರೇರಿತ. ಮೇಲಿನ ಯಾವ ಕೊಂಡಿಯಲ್ಲಿ ತೊಡಕು ಉಂಟಾದರೂ ಅದು ಕಾಣಿಸಿಕೊಳ್ಳುವುದು ಐದನೆಯದರಲ್ಲಿಯೇ. ಕಾಲುವೆಯಲ್ಲಿ ನೀರು ತಡವರಿಸಿದರೆ ತೂಬನ್ನು ನೋಡದೆ ನೀರನ್ನು ದೂರುವವರುಂಟೆ?

ಅದೇ ಗ್ರಂಥದಲ್ಲಿ ಪಾಠದೋಷಗಳ ಪಟ್ಟಿಯೊಂದಿದೆ. ಗದ್ಗದಿತವು ಅದರಲ್ಲಿ ಹೆಸರೆತ್ತಿಯೇ ಹೇಳಲ್ಪಟ್ಟಿದೆ. ಅದರ ನೆರೆಹೊರೆಯವರು ಯಾರೆಂಬುದನ್ನು ನೋಡಬೇಕು: ಶಂಕಿತ, ಭೀತ, ತ್ವರಿತ, ನಿಷ್ಪೀಡಿತ, ಗ್ರಸ್ತ, ದೀನ. ಸಂದೇಹದಿಂದ ನುಡಿದದ್ದು, ಹೆದರಿ ನುಡಿದದ್ದು, ಅವಸರದಿಂದ ನುಡಿದದ್ದು, ಹಿಂಡಿ ನುಡಿದದ್ದು, ನುಂಗಿ ನುಡಿದದ್ದು, ದೈನ್ಯದಿಂದ ನುಡಿದದ್ದು. ಉಸಿರಿನ ಕೊರತೆಯೆಂಬ ದೋಷವು ಈ ಪಟ್ಟಿಯಲ್ಲಿ ಕಾಣದು. ಅಧಮಪಾಠಕರನ್ನು ಎಣಿಸುವ ಇನ್ನೊಂದೆಡೆಯಲ್ಲಿ ಅಲ್ಪಕಂಠನು ಬರುವನಷ್ಟೆ ಎಂದರೆ, ಬರುವನು. ಆದರೆ ಅವನನ್ನು ಗದ್ಗದದಿಂದ ಬೇರೆಯಾಗಿಯೇ ಎಣಿಸಿದೆ. ಇನ್ನು ಉತ್ತಮಪಾಠಕನ ಆರು ಗುಣಗಳೆಂದರೆ ಮಾಧುರ್ಯ, ಅಕ್ಷರವ್ಯಕ್ತಿ, ಪದಚ್ಛೇದ, ಸುಸ್ವರ, ಧೈರ್ಯ, ಲಯಸಾಮರ್ಥ್ಯ. ಧೈರ್ಯಕ್ಕೆ ಇಲ್ಲಿ ಸ್ಥಾನವಿದೆ, ದೀರ್ಘಶ್ವಾಸಕ್ಕೆ ಇಲ್ಲ. ವರ್ಣಗಳನ್ನು ಹಿಡಿಯುವ ಬಗೆಗೆ ಆ ಗ್ರಂಥವು ಕೊಟ್ಟ ಉಪಮಾನವೂ ಗಮನಾರ್ಹವಾದುದು: ಹೆಣ್ಣುಹುಲಿಯು ತನ್ನ ಮರಿಗಳನ್ನು ಹಲ್ಲುಗಳಿಂದ ಕಚ್ಚಿ ಒಯ್ಯುವಾಗ, ಬೀಳಬಾರದು, ನೋಯಲೂ ಬಾರದು ಎಂಬ ಹದದಲ್ಲಿ ಹಿಡಿಯುವಂತೆ. ಉಗ್ಗುವವನಿಗೆ ನಾಲಗೆ ತುಟಿಗಳನ್ನು ಹಗುರವಾಗಿ ತಾಗಿಸಿ ನುಡಿಯಬೇಕೆಂದು ಇಂದಿನ ವಾಕ್‌ಚಿಕಿತ್ಸಕರು ಕಲಿಸುವುದು ಈ ಹದವನ್ನೇ ಅಲ್ಲವೆ?

ಆಯುರ್ವೇದದ ಮಾತಿಗೆ ಬರೋಣ. ಕಫದೊಡಗೂಡಿದ ವಾಯುವು ಶಬ್ದವಾಹಿನಿಗಳಾದ ಧಮನಿಗಳನ್ನು ಆವರಿಸಿ ಮನುಷ್ಯನನ್ನು ಮೂಕನನ್ನಾಗಿಯೋ, ಮಿನ್ಮಿಣನನ್ನಾಗಿಯೋ, ಗದ್ಗದನನ್ನಾಗಿಯೋ ಮಾಡುವುದೆಂದು ಸುಶ್ರುತಸಂಹಿತೆಯ ನಿದಾನಸ್ಥಾನವು ಹೇಳುತ್ತದೆ. ಚರಕಸಂಹಿತೆಯು ೮೦ ವಾತವಿಕಾರಗಳನ್ನು ಎಣಿಸುವಲ್ಲಿ ಮೂಕತ್ವವನ್ನೂ ವಾಕ್ಸಂಗವನ್ನೂ ಸೇರಿಸಿದೆ. ವಾಕ್ಪ್ರವೃತ್ತಿಯನ್ನು ಉದಾನದ ಕಾರ್ಯವೆಂದಿದೆ. ಇವೆಲ್ಲವೂ ನಿಜ. ಆದರೆ ಈ ವಾಯುವು ಮೂಗಿನಿಂದ ಒಳಕ್ಕೆ ಹೋಗಿ ಹೊರಕ್ಕೆ ಬರುವ ಗಾಳಿಯೆಂದು ತಿಳಿಯುವುದು ದೊಡ್ಡ ಪ್ರಮಾದವು. ವೈದ್ಯಶಾಸ್ತ್ರದ ವಾತವು ತ್ರಿದೋಷಗಳಲ್ಲಿ ಒಂದು. ದೇಹದ ಸಕಲ ಚೇಷ್ಟೆಗಳನ್ನೂ ನಡಸುವ ಶಕ್ತಿ. ಕಾಲಿನ ಕುಂಟು, ಕಣ್ಣಿನ ಅದುರು, ನಿದ್ರೆಯ ಅಭಾವ ಇವೂ ವಾತವಿಕಾರಗಳೇ. ಇವನ್ನು ಶ್ವಾಸದ ದೋಷವೆಂದು ಯಾರೂ ಹೇಳುವುದಿಲ್ಲ. ಉತ್ತರಕಾಲದ ಚಿಕಿತ್ಸಾಗ್ರಂಥಗಳು ಗದ್ಗದಕ್ಕೆ ಕಲ್ಯಾಣಾವಲೇಹವೇ ಮೊದಲಾದ ಔಷಧಗಳನ್ನು ವಿಧಿಸಿರುವುದೂ ಈ ಕಾರಣದಿಂದಲೇ. ಶಬ್ದವು ಒಂದೆಂದ ಮಾತ್ರಕ್ಕೆ ಅರ್ಥವು ಒಂದಾಗದು. ಸೈಂಧವವೆಂದಾಗ ಊಟದ ಎಲೆಯ ಮುಂದೆ ಕುದುರೆಯನ್ನು ತಂದು ನಿಲ್ಲಿಸಬಾರದು.

ಮೂರನೆಯದು ಯೋಗ. ಶ್ವಾಸಪ್ರಶ್ವಾಸಗಳ ಗತಿಯನ್ನು ತಡೆಯುವುದೇ ಪ್ರಾಣಾಯಾಮವೆಂದು ಪತಂಜಲಿಯ ಲಕ್ಷಣವು. ಅದರ ಪ್ರಯೋಜನವು ಚಿತ್ತಸ್ಥೈರ್ಯ, ವಾಗ್ಮಿತೆಯಲ್ಲ. ಮಾತಿಗಾದರೋ ಬೇಕಾದುದು ಗತಿಯ ಅವಿಚ್ಛೇದ. ಉಗ್ಗಿನ ಅತ್ಯಂತ ಕಠಿನವಾದ ರೂಪದಲ್ಲಿ, ಎಂದರೆ ಅಕ್ಷರವು ಕಂಠದಲ್ಲಿ ಸಿಕ್ಕಿಬೀಳುವಾಗ, ಆಗುವುದೇನು? ಉಸಿರು ಒಳಗಿದ್ದೂ ಹೊರಡದೆ ನಿಲ್ಲುವುದು. ಬೇಡದೆ ಬಂದ ಕುಂಭಕವದು. ಅದರಿಂದ ಪೀಡಿತನಾದವನಿಗೆ ಮತ್ತೆ ಕುಂಭಕವನ್ನೇ ಬೋಧಿಸುವವರು ಒಂದು ಗಳಿಗೆ ಯೋಚಿಸುವುದು ಲೇಸು.

೪

ಶಾಸ್ತ್ರವನ್ನು ಬಿಟ್ಟು ಲೋಕಾನುಭವವನ್ನು ನೋಡಿದರೂ ಪೂರ್ವಪಕ್ಷವು ನಿಲ್ಲುವುದಿಲ್ಲ. ಕಾರಣವನ್ನು ಗೊತ್ತುಮಾಡುವುದಕ್ಕೆ ನೈಯಾಯಿಕರು ಹೇಳಿದ ಉಪಾಯವು ಅನ್ವಯವ್ಯತಿರೇಕ: ಅದಿದ್ದರೆ ಇದು, ಅದಿಲ್ಲದಿದ್ದರೆ ಇದಿಲ್ಲ. ಶ್ವಾಸದೋಷವು ಉಗ್ಗಿಗೆ ಕಾರಣವಾದರೆ, ಒಬ್ಬನೇ ಮನುಷ್ಯನು ಅದೇ ಎದೆ, ಅದೇ ಉಸಿರುಗಳಿಂದ ನುಡಿಯುವಾಗಲೆಲ್ಲ ಉಗ್ಗಬೇಕು. ಹಾಗೆ ಆಗುವುದಿಲ್ಲ. ಉಗ್ಗುವವನು ಹಾಡುವಾಗ ಉಗ್ಗುವುದಿಲ್ಲವೆಂಬುದು ಸರ್ವವಿದಿತ. ಹತ್ತು ಜನರೊಡನೆ ಒಟ್ಟಾಗಿ ಪಠಿಸುವಾಗಲೂ ಬಹುಮಟ್ಟಿಗೆ ಉಗ್ಗುವುದಿಲ್ಲ. ಗುರುವು ಒಮ್ಮೆ ಹೇಳಿ ಶಿಷ್ಯರು ಎರಡು ಸಲ ಅನುಸರಿಸುವ ನಮ್ಮ ಸಂಥೆಯ ಕ್ರಮದಲ್ಲಿ ಸ್ವರವು ನಿಶ್ಚಿತ, ಮಾತ್ರೆಯು ನಿಶ್ಚಿತ, ಪದವು ನಿಶ್ಚಿತ, ಕೊರಳು ಹಲವು. ಉಗ್ಗಿಗೆ ಎಡೆಯೇ ಇಲ್ಲ. ವೇದಪಾಠದಿಂದ ಉಗ್ಗು ಹೋಗುವುದೆಂಬ ಪ್ರತೀತಿಯ ಮೂಲವು ಇದೇ ಇರಬಹುದು. ಅಲ್ಲಿ ಉಗ್ಗು ಹೋಗಿರುವುದಿಲ್ಲ, ಮರೆಯಾಗಿರುವುದು; ಮನೆಗೆ ಬಂದು ಅಕ್ಕಿಯ ಬೆಲೆಯನ್ನು ಕೇಳುವಾಗ ಮತ್ತೆ ಎದುರಾಗುವುದು.

ಅಮೆರಿಕೆಯ ಜಾಕ್ಸನ್ ಮೊದಲಾದವರು ೨೦೨೧ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಉಗ್ಗುವ ೨೪ ಮಂದಿ ವಯಸ್ಕರು, ತಮ್ಮ ಮಾತನ್ನು ಯಾರೂ ಕೇಳುತ್ತಿಲ್ಲವೆಂದು ನಂಬಿ ಒಂಟಿಯಾಗಿ ಆಡಿಕೊಂಡ ೧೦,೦೦೦ಕ್ಕೂ ಮೀರಿದ ಅಕ್ಷರಗಳಲ್ಲಿ ಉಗ್ಗಿರಬಹುದೆಂದು ಸಂದೇಹಪಡತಕ್ಕ ಸ್ಥಳಗಳು ಏಳು ಮಾತ್ರ ಸಿಕ್ಕಿದುವು. ಕೇಳುವವನೊಬ್ಬನು ಎದುರಿಗೆ ಬಂದೊಡನೆ ಉಗ್ಗು ಬರುವುದು. ಎದುರಿನವನು ಬಂದುದರಿಂದ ಎದೆಗೂಡು ಬದಲಾಯಿತೆ?

ಇವೆಲ್ಲಕ್ಕಿಂತ ಬಲವಾದ ಪ್ರಮಾಣವು ದ್ವಿಭಾಷಿಗಳಲ್ಲಿದೆ. ೨೦೦೮ರಲ್ಲಿ ಸಿಂಗಪುರದ ಇಂಗ್ಲಿಷ್ ಮತ್ತು ಮ್ಯಾಂಡರಿನ್ ಭಾಷೆಗಳ ೩೦ ಮಂದಿ ದ್ವಿಭಾಷಿಗಳ ಉಗ್ಗನ್ನು ಲಿಂ ಮೊದಲಾದವರು ಅಳೆದರು. ಇಂಗ್ಲಿಷಿನಲ್ಲಿ ಬಲವುಳ್ಳವರು ಮ್ಯಾಂಡರಿನ್ನಿನಲ್ಲಿ ಹೆಚ್ಚಾಗಿ ಉಗ್ಗಿದರು. ಮ್ಯಾಂಡರಿನ್ನಿನಲ್ಲಿ ಬಲವುಳ್ಳವರು ಇಂಗ್ಲಿಷಿನಲ್ಲಿ ಹೆಚ್ಚಾಗಿ ಉಗ್ಗಿದರು. ಇದಕ್ಕೆ ಇಪ್ಪತ್ತು ವರ್ಷ ಮೊದಲು, ೧೯೮೮ರಲ್ಲಿ, ಇಗ್ಬೊ ಮತ್ತು ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಬಲ್ಲ ನೈಜೀರಿಯದವರನ್ನು ಪರೀಕ್ಷಿಸಿದ ನ್ವೋಕಾ ಎಂಬ ವಿದುಷಿಯು, ಭಾಷಾಪಾಂಡಿತ್ಯವು ಸಮನಾಗಿದ್ದರೂ ಉಗ್ಗು ಎರಡರಲ್ಲಿ ಸಮನಾಗಿರುವುದಿಲ್ಲವೆಂಬುದನ್ನು ತೋರಿಸಿದಳು. ಕೆಲವರಿಗೆ ಇಗ್ಬೊ ಕಷ್ಟ, ಕೆಲವರಿಗೆ ಇಂಗ್ಲಿಷು ಕಷ್ಟ. ಪುಪ್ಪುಸವು ಒಂದು, ವಪೆಯು ಒಂದು, ಕಂಠವು ಒಂದು. ಭಾಷೆ ಮಾತ್ರ ಎರಡು. ಉಗ್ಗಿನ ಪ್ರಮಾಣವು ಭಾಷೆಯೊಡನೆ ಬದಲಾದರೆ, ಬದಲಾಗದೆ ನಿಂತ ಉಸಿರು ಅದಕ್ಕೆ ಕಾರಣವಾಗುವುದು ಹೇಗೆ?

ಇಲ್ಲಿ ಪೂರ್ವಪಕ್ಷಿಯು ಹೇಳಬಹುದು: ಬಲವಿಲ್ಲದ ಭಾಷೆಯಲ್ಲಿ ನುಡಿಯುವಾಗ ಅಂಜಿಕೆಯಿಂದ ಉಸಿರೇ ಕೆಡುವುದು, ಕೆಟ್ಟ ಉಸಿರಿನಿಂದ ಉಗ್ಗು ಹುಟ್ಟುವುದು ಎಂದು. ಹಾಗಾದರೆ ಅಂಜಿಕೆಯೂ ಪದಯೋಜನೆಯ ಶ್ರಮವೂ ಮೊದಲು, ಉಸಿರಿನ ಕೇಡು ಅನಂತರ ಎಂದು ಅವನೇ ಒಪ್ಪಿದಂತಾಯಿತು. ಶಿಕ್ಷೆಯು ಹೇಳಿದ ಸರಣಿಯೂ ಇದೇ. ಇತ್ತೀಚಿನ ಶೋಧನೆಗಳೂ ಈ ದಿಕ್ಕಿಗೇ ಕೈತೋರುತ್ತಿವೆ. ೨೦೦೨ರಲ್ಲಿ ಜರ್ಮನಿಯ ವಿದ್ವಾಂಸರು ಬಹುಕಾಲದ ಉಗ್ಗುಳ್ಳವರ ಮೆದುಳಿನ ಎಡಭಾಗದಲ್ಲಿ ನರತಂತುಗಳ ಜೋಡಣೆಯು ಭಿನ್ನವಾಗಿರುವುದನ್ನು ಕಂಡರು. ೨೦೧೦ರಲ್ಲಿ ಪಾಕಿಸ್ತಾನದ ಕುಟುಂಬಗಳಿಂದ ಮೊದಲಾದ ಶೋಧನೆಯಲ್ಲಿ, ಕೆಲವರ ಉಗ್ಗಿಗೆ ವಂಶಪಾರಂಪರ್ಯವಾಗಿ ಬರುವ ಜೀನುಗಳ ವ್ಯತ್ಯಾಸಗಳು ಸಂಬಂಧಪಟ್ಟಿರುವುದು ಗೊತ್ತಾಯಿತು.

ಎರಡು ಭಾಷೆಗಳನ್ನು ಕಲಿತದ್ದೇ ಉಗ್ಗಿಗೆ ಕಾರಣವೆಂದು ಹಾರುವುದೂ ಇಷ್ಟೇ ತಪ್ಪು. ೧೯೩೭ರಲ್ಲಿ ಅಮೆರಿಕೆಯ ಈಸ್ಟ್ ಷಿಕಾಗೊ ನಗರದ ೪,೮೨೭ ಮಂದಿ ಶಾಲಾಬಾಲಕರನ್ನು ಎಣಿಸಿದವರು, ಏಕಭಾಷಿಗಳಲ್ಲಿ ನೂರಕ್ಕೆ ೧.೮ರಂತೆಯೂ ದ್ವಿಭಾಷಿಗಳಲ್ಲಿ ೨.೮ರಂತೆಯೂ ಉಗ್ಗನ್ನು ಕಂಡರು. ಅಷ್ಟರಿಂದ ಮಕ್ಕಳಿಗೆ ಎರಡನೆಯ ಭಾಷೆಯೇ ಬೇಡವೆಂಬ ಉಪದೇಶವೂ ಹೊರಟಿತು. ವಲಸೆ ಬಂದ ಕುಟುಂಬಗಳ ಬಡತನವೂ ಕಳವಳವೂ ಆ ಲೆಕ್ಕದಲ್ಲಿ ಬೆರೆತಿರಬಹುದೆಂಬುದನ್ನು ಅಂಥವರು ಯೋಚಿಸಲಿಲ್ಲ.

೫

ಶ್ವಾಸವಾದದ ಇತಿಹಾಸವನ್ನು ಸ್ವಲ್ಪ ನೋಡಬೇಕು. ಗ್ರೀಸಿನ ವಾಗ್ಮಿಯಾದ ಡೆಮೊಸ್ತನೀಸನು ಬಾಯಲ್ಲಿ ಬೆಣಚುಕಲ್ಲುಗಳನ್ನಿಟ್ಟುಕೊಂಡು ನುಡಿದನೆಂದೂ, ಓಡುತ್ತಲೂ ದಿಣ್ಣೆಯನ್ನು ಏರುತ್ತಲೂ ಮಾತಾಡಿ, ಒಂದೇ ಉಸಿರಿನಲ್ಲಿ ಪದ್ಯಗಳನ್ನು ಹೇಳಿ ಕೊರಳನ್ನು ಪಳಗಿಸಿದನೆಂದೂ ಪ್ಲುಟಾರ್ಕನು ಬರೆದಿರುವನು. ಶ್ವಾಸಚಿಕಿತ್ಸೆಯವರು ಈ ಕಥೆಯನ್ನು ಇಂದಿಗೂ ಹೇಳುವರು. ಆದರೆ ಅದೇ ಯೂರೋಪಿನಲ್ಲಿ, ೧೮೪೧ರಲ್ಲಿ, ಬರ್ಲಿನ್ನಿನ ಪ್ರಸಿದ್ಧ ಶಸ್ತ್ರವೈದ್ಯನಾದ ಡೀಫನ್‌ಬಾಕನು ನಾಲಗೆಯ ಬುಡವನ್ನು ಕತ್ತರಿಸಿ ಉಗ್ಗನ್ನು ನೀಗಿಸಲು ಹೊರಟನು. ಕಾಣುವ ಅಂಗವೇ ಕಾರಣವೆಂದು ಬಗೆದುದರ ಫಲವದು. ನಾಲಗೆ ತಡೆದರೆ ನಾಲಗೆಯದು ತಪ್ಪು. ಉಸಿರು ತಡೆದರೆ ಉಸಿರಿನದು ತಪ್ಪು. ಇವೆರಡರಲ್ಲಿ ಎರಡನೆಯದು ರಕ್ತಪಾತವಿಲ್ಲದುದು ಎಂಬುದಷ್ಟೇ ಭೇದ, ತರ್ಕವು ಒಂದೇ.

ನಮ್ಮ ಕಾಲಕ್ಕೆ ಹತ್ತಿರದ ಪ್ರಯತ್ನಗಳಲ್ಲಿ ೧೯೭೪ರ ಆಜ್ರಿನ್ ಮತ್ತು ನನ್ ಎಂಬವರ ನಿಯತಶ್ವಾಸಕ್ರಮವು ವಿಚಾರಾರ್ಹವಾದುದು. ೧೪ ಮಂದಿಗೆ ಒಂದೇ ಭೇಟಿಯಲ್ಲಿ ಉಪದೇಶಿಸಿ, ಉಗ್ಗಿನ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಕಡಮೆಯಾಯಿತೆಂದು ಅವರು ವರದಿಮಾಡಿದರು. ೧೯೮೨ರಲ್ಲಿ ಆಂಡ್ರೂಸ್ ಮತ್ತು ಟ್ಯಾನರ್ ಎಂಬವರು ಅದೇ ಕ್ರಮವನ್ನು ಮತ್ತೆ ಪ್ರಯೋಗಿಸಿದಾಗ ಅಷ್ಟು ದೊಡ್ಡ ಫಲವು ಕಾಣಲಿಲ್ಲ. ಇರಲಿ; ಮೊದಲಿನ ಫಲವನ್ನೇ ಒಪ್ಪಿದರೂ ಅದು ಯಾವುದರ ಫಲ? ಆ ಕ್ರಮದಲ್ಲಿ ಉಸಿರಿನ ನಿಯಮವಲ್ಲದೆ, ಉಗ್ಗು ಬರುವುದೆನಿಸಿದಾಗ ನಿಲ್ಲುವುದು, ಹೇಳಬೇಕಾದುದನ್ನು ಮೊದಲು ಮನಸ್ಸಿನಲ್ಲಿ ಹೊಂದಿಸಿಕೊಳ್ಳುವುದು, ಮೈಯನ್ನು ಸಡಿಲಬಿಡುವುದು, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ನುಡಿಯುವುದು, ಮನೆಯವರ ಪ್ರೋತ್ಸಾಹವನ್ನು ಪಡೆಯುವುದು ಇವೂ ಇದ್ದುವು. ಗಡಿಗೆಯು ಹುಟ್ಟುವ ಮುನ್ನ ಮಣ್ಣನ್ನು ಹೊತ್ತ ಕತ್ತೆಯೂ ಕುಂಬಾರನ ಅಂಗಳದಲ್ಲಿ ಇದ್ದಿತು; ಆದಕಾರಣ ಕತ್ತೆಯು ಗಡಿಗೆಗೆ ಕಾರಣವಾಗುವುದಿಲ್ಲ. ಇದನ್ನೇ ತಾರ್ಕಿಕರು ಅನ್ಯಥಾಸಿದ್ಧವೆಂದರು. ಬೇರೆ ಅಂಶಗಳನ್ನು ಬೇರ್ಪಡಿಸಿ ಉಸಿರೊಂದನ್ನೇ ಪರೀಕ್ಷಿಸುವವರೆಗೆ, ಫಲವೆಲ್ಲವೂ ಉಸಿರಿನದೆನ್ನುವುದು ಅನ್ಯಥಾಸಿದ್ಧಿಯನ್ನು ಕಾಣದವರ ಮಾತು.

ಆರನೆಯ ಜಾರ್ಜ್ ದೊರೆಯ ನಿದರ್ಶನವನ್ನೂ ಎಲ್ಲರೂ ಎತ್ತುವರು. ೧೯೨೫ರ ಅಕ್ಟೋಬರಿನಲ್ಲಿ ವೆಂಬ್ಲಿಯ ವಸ್ತುಪ್ರದರ್ಶನದ ಮುಕ್ತಾಯಭಾಷಣದಲ್ಲಿ ಎಡವಿ ನೊಂದ ಆತನು, ಮರುವರ್ಷ ಆಸ್ಟ್ರೇಲಿಯದ ಲಯೊನೆಲ್ ಲೋಗ್ ಎಂಬ ವಾಕ್‌ಶಿಕ್ಷಕನಲ್ಲಿ ಪಾಠಕ್ಕೆ ತೊಡಗಿದನು. ಲೋಗನು ಉಸಿರಿನ ಅಭ್ಯಾಸಗಳನ್ನು ಮಾಡಿಸಿದುದು ನಿಜ. ೧೯೨೭ರ ಮೇ ೯ರಂದು ಕ್ಯಾನ್‌ಬೆರದಲ್ಲಿ ಪಾರ್ಲಿಮೆಂಟಿನ ಪ್ರಾರಂಭೋತ್ಸವದ ಭಾಷಣವು ಸುಗಮವಾಗಿ ನಡೆದುದೂ ನಿಜ. ಆದರೆ ಉಗ್ಗು ನಿರ್ಮೂಲವಾಗಲಿಲ್ಲ. ೧೯೩೯ರ ಸೆಪ್ಟೆಂಬರು ೩ರ ಯುದ್ಧಘೋಷಣೆಯ ರೇಡಿಯೋಭಾಷಣದಲ್ಲಿ ಸಹ ಪದಪದಕ್ಕೆ ವಿರಾಮವನ್ನು ಕಾಣಬಹುದು. ಆಗಲೂ ಲೋಗನು ಪಕ್ಕದಲ್ಲಿಯೇ ಇದ್ದನು. ಹದಿಮೂರು ವರ್ಷಗಳ ಸ್ನೇಹ, ನಂಬಿಕೆ, ಭಾಷಣದ ಪ್ರತಿಯಲ್ಲಿ ಮೊದಲೇ ಗುರುತಿಸಿದ ವಿರಾಮಗಳು, ಕಷ್ಟವರ್ಣಗಳ ಪರಿಹಾರ ಇಷ್ಟೆಲ್ಲವನ್ನೂ ಮರೆತು ಇದನ್ನು ಉಸಿರಿನ ವಿಜಯವೆಂದು ಸಾರುವುದು ಸರಿಯಲ್ಲ.

೬

ಹಾಗಾದರೆ ಶ್ವಾಸಸಾಧನೆಯು ವ್ಯರ್ಥವೆ? ಅಲ್ಲ. ಅದರ ಸ್ಥಾನವನ್ನು ಗೊತ್ತುಮಾಡಬೇಕಷ್ಟೆ.

ಸುಮ್ಮನಿರುವಾಗ ಉಸಿರಾಟದ ಕಾಲದಲ್ಲಿ ನೂರಕ್ಕೆ ಸುಮಾರು ೪೦ ಪಾಲು ಒಳಕ್ಕೆ ಸೆಳೆಯುವುದರಲ್ಲಿ ಕಳೆಯುವುದು; ಮಾತಾಡುವಾಗ ಸುಮಾರು ೧೦ ಪಾಲು ಮಾತ್ರ. ಒಳಕ್ಕೆ ಬೇಗ, ಹೊರಕ್ಕೆ ನಿಧಾನ. ಸಾಮಾನ್ಯ ಸಂಭಾಷಣೆಗೆ ಎದೆಯು ಹಿಡಿಯಬಲ್ಲ ಗಾಳಿಯ ಕಾಲುಪಾಲು ಸಾಕು. ಆದುದರಿಂದ ಮಾತಿಗೆ ಮುಂಚೆ ಎದೆಯುಬ್ಬುವಂತೆ ಗಾಳಿಯನ್ನು ತುಂಬಿಕೊಳ್ಳಬೇಕೆಂಬುದು ಅನಾವಶ್ಯಕ. ತುಂಬಿದ ಗಾಳಿಯನ್ನು ಹಿಡಿದಿಡಲು ಕಂಠವು ಬಿಗಿಯುವುದು. ಬಿಗಿದ ಕಂಠವೇ ಉಗ್ಗಿನ ಮನೆ. ಕಂಠಬಿಲವು ತೆರೆದಿದ್ದರೆ ಶ್ವಾಸ, ಮುಚ್ಚಿದರೆ ನಾದ ಎಂದು ಋಕ್ಪ್ರಾತಿಶಾಖ್ಯವು ವಿಭಾಗಿಸಿದೆ. ಉಗ್ಗುವ ಕ್ಷಣದಲ್ಲಿ ಕಂಠವನ್ನು ತೆರೆಯುವ ಸ್ನಾಯುವೂ ಮುಚ್ಚುವ ಸ್ನಾಯುವೂ ಒಟ್ಟಿಗೆ ಸೆಳೆಯುವುದನ್ನು ಫ್ರೀಮನ್ ಮತ್ತು ಉಷಿಜಿಮ ಎಂಬವರು ೧೯೭೮ರಲ್ಲಿ ತೋರಿಸಿದರು. ಶ್ವಾಸಕ್ಕೂ ನಾದಕ್ಕೂ ಅಲ್ಲಿ ಏಕಕಾಲದಲ್ಲಿ ಜಗಳ. ಅಂಥ ಸಮಯದಲ್ಲಿ ಉಸಿರನ್ನು ಮೆಲ್ಲನೆ ಹೊರಬಿಡುತ್ತ ಆ ಹರಿವಿನ ಮೇಲೆ ಮೊದಲ ಅಕ್ಷರವನ್ನು ಇಳಿಸಿದರೆ ಜಗಳವು ತಗ್ಗುವುದು. ಶ್ವಾಸಕ್ರಮಗಳಿಂದ ಆಗುವ ಪ್ರಯೋಜನವು ಇದು. ಜತೆಗೆ ಅವಸರವು ಕಡಮೆಯಾಗುವುದು, ಮನಸ್ಸು ಒಂದು ನೆಲೆಗೆ ಬರುವುದು. ಈ ಪ್ರಯೋಜನವು ಸಹಕಾರಿಯೇ ಹೊರತು ಮೂಲಚ್ಛೇದಕವಲ್ಲ.

ದ್ವಿಭಾಷಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಕ್ರಮಗಳಲ್ಲಿ ಬಹುಭಾಗವು ಇಂಗ್ಲಿಷನ್ನಾಡುವವರಿಗಾಗಿ ರಚಿತವಾದುವು. ಇಂಗ್ಲಿಷಿನಲ್ಲಿ ಪದಾದಿಯ ಪ, ಟ, ಕ ಸದೃಶವರ್ಣಗಳು ಸ್ವಭಾವವಾಗಿಯೇ ಉಸಿರಿನಿಂದ ಕೂಡಿರುವುವು. ಅಲ್ಲಿ ಗಾಳಿಯನ್ನು ಸ್ವಲ್ಪ ಹೆಚ್ಚಾಗಿ ಬಿಟ್ಟರೆ ಅರ್ಥಕ್ಕೆ ಹಾನಿಯಿಲ್ಲ. ಕನ್ನಡದಲ್ಲಿ ಪ, ತ, ಕಗಳು ಅಲ್ಪಪ್ರಾಣಗಳು. ಗಾಳಿಯು ಹೆಚ್ಚಿದರೆ ಅವು ಮಹಾಪ್ರಾಣಗಳ ಕಡೆಗೆ ಸರಿಯುವುವು. ಕರವು ಖರವಾಗುವುದು, ಬಾರವು ಭಾರವಾಗುವುದು. ಕಿವಿಗೆ ಇದು ವಿಕಾರವಾಗಿ ಕೇಳುವುದರಿಂದ ಕೇಳುವವರು ನಗುವರು. ನಗೆಯಿಂದ ಅಂಜಿಕೆ, ಅಂಜಿಕೆಯಿಂದ ಮತ್ತೆ ಉಗ್ಗು. ಹಾಗೆಯೇ ಸ್ವರಗಳನ್ನು ಎಳೆದು ನುಡಿಯುವ ಕ್ರಮವನ್ನು ಕನ್ನಡಕ್ಕೆ ಇದ್ದಂತೆಯೇ ತಂದರೆ ಹ್ರಸ್ವದೀರ್ಘಗಳ ಮೇರೆಯು ಅಳಿಯುವುದು. ಬಳೆಯನ್ನು ಕೇಳಿದವನಿಗೆ ಬಾಳೆಯು ಬರುವುದು. ಇಲ್ಲಿ ನಮ್ಮ ಪ್ರಾಚೀನರ ವೃತ್ತಿವಿಭಾಗವು ನಿಜವಾಗಿ ಉಪಯೋಗಕ್ಕೆ ಬರುವುದು. ದ್ರುತ, ಮಧ್ಯಮ, ವಿಲಂಬಿತ ಎಂಬ ಮೂರು ವೃತ್ತಿಗಳನ್ನು ಹೇಳಿ, ಶಿಷ್ಯೋಪದೇಶಕ್ಕೆ ವಿಲಂಬಿತವನ್ನು ವಿಧಿಸಿರುವರು. ವಿಲಂಬಿತದಲ್ಲಿ ಎಲ್ಲ ಅಕ್ಷರಗಳೂ ಒಂದೇ ಪ್ರಮಾಣದಲ್ಲಿ ನಿಧಾನವಾಗುವುವು. ಒಂದಕ್ಕೆ ಎರಡೆಂಬ ಮಾತ್ರೆಯ ಲೆಕ್ಕವು ಕೆಡುವುದಿಲ್ಲ. ಕನ್ನಡಿಗನಿಗೆ ನಿಧಾನವನ್ನು ಕಲಿಸುವವರು ಈ ಮಾರ್ಗವನ್ನು ಹಿಡಿಯತಕ್ಕುದು.

ಮತ್ತೊಂದು ಎಚ್ಚರಿಕೆ. ಎರಡು ಭಾಷೆ ಬಲ್ಲವನಿಗೆ ಅಡಗಲು ಎರಡು ಮನೆ. “ನೀರು” ಎಂಬುದು ಕಷ್ಟವಾದರೆ “ವಾಟರ್” ಎನ್ನುವನು. ಇಂಗ್ಲಿಷಿನ ಪದವು ತಡೆದರೆ ಕನ್ನಡಕ್ಕೆ ಜಾರುವನು. ಕೇಳಿದವರು ಇವನಿಗೆ ಉಗ್ಗೇ ಇಲ್ಲವೆನ್ನುವರು. ಆದರೆ ತನ್ನ ಹೆಸರಿಗೂ ಊರಿನ ಹೆಸರಿಗೂ ಪರ್ಯಾಯಪದವಿಲ್ಲ; ಅಲ್ಲಿ ಸಿಕ್ಕಿಬೀಳುವನು. ಆದುದರಿಂದ ಶ್ವಾಸಸಾಧನೆಯಿಂದ ಗುಣವಾಯಿತೆಂದು ನಿರ್ಣಯಿಸುವ ಮುನ್ನ, ಎರಡು ಭಾಷೆಗಳಲ್ಲಿಯೂ, ಪದಗಳನ್ನು ಬದಲಾಯಿಸಿಕೊಳ್ಳಲು ಅವಕಾಶವಿಲ್ಲದ ಸಂದರ್ಭಗಳಲ್ಲಿ, ಅಪರಿಚಿತರ ಎದುರಿಗೆ ಪರೀಕ್ಷಿಸಬೇಕು. ಸಾಧನೆಯೂ ಎರಡು ಭಾಷೆಗಳಲ್ಲಿಯೂ ನಡೆಯಬೇಕು. ಒಂದರಲ್ಲಿ ಸಾಧಿಸಿದುದು ಇನ್ನೊಂದಕ್ಕೆ ತಾನಾಗಿ ಹರಿಯುವುದೆಂದು ನಂಬಿ ಕೂರಬಾರದು. ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ಕನ್ನಡನಾಡಿಗೆ ಈ ವಿದ್ಯೆಯ ಪೀಠವೊಂದು ದೊರೆತಿದೆ. ೧೯೮೩ರಲ್ಲಿಯೇ ಜಯರಾಮ್ ಎಂಬ ವಿದ್ವಾಂಸರು ಏಕಭಾಷಿಗಳೂ ದ್ವಿಭಾಷಿಗಳೂ ಯಾವ ಯಾವ ವರ್ಣಗಳಲ್ಲಿ ಉಗ್ಗುವರೆಂಬುದನ್ನು ವಿಚಾರಿಸಿದ ಲೇಖನವನ್ನು ಪ್ರಕಟಿಸಿರುವರು. ಶಿಕ್ಷೆ ಪ್ರಾತಿಶಾಖ್ಯಗಳನ್ನು ಬಲ್ಲವರು ಇಂಥ ಕೆಲಸದಲ್ಲಿ ಕೈಗೂಡಿಸಲು ಸ್ಥಳವುಂಟು. ಕನ್ನಡ ವರ್ಣಗಳಿಗೂ ಮಾತ್ರೆಗಳಿಗೂ ಹೊಂದುವ ಅಭ್ಯಾಸಪಾಠಗಳು ನಮ್ಮಲ್ಲಿಯೇ ಹುಟ್ಟಬೇಕು.

೭

ಒಟ್ಟಿನಲ್ಲಿ ಸಿದ್ಧಾಂತವು ಹೀಗೆ. ಉಸಿರು ಮಾತಿಗೆ ಉಪಾದಾನ, ಮಣ್ಣಿಲ್ಲದೆ ಗಡಿಗೆಯಿಲ್ಲ. ಆದರೆ ಗಡಿಗೆಯು ಸೊಟ್ಟಗಾದರೆ ಮಣ್ಣನ್ನು ಮಾತ್ರ ನೋಡುವುದಲ್ಲ, ತಿಗರಿಯನ್ನೂ ಕೈಯನ್ನೂ ನೋಡಬೇಕು. ಶಿಕ್ಷೆಯು ಉಸಿರಿಗಿಂತ ಮೊದಲು ಮನಸ್ಸನ್ನೂ ಬುದ್ಧಿಯನ್ನೂ ಇಟ್ಟಿತು. ಗದ್ಗದವನ್ನು ಭೀತಶಂಕಿತಗಳೊಡನೆ ಎಣಿಸಿತು. ಪಾಠಕನ ಗುಣಗಳಲ್ಲಿ ಧೈರ್ಯವನ್ನು ಹೇಳಿತು. ಒಂದೇ ಉಸಿರಿನ ದ್ವಿಭಾಷಿಯು ಒಂದು ಭಾಷೆಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಮೆ ಉಗ್ಗುವನೆಂಬ ಸಂಗತಿಯು ಈ ಮತವನ್ನೇ ಗಟ್ಟಿಮಾಡುತ್ತದೆ. ಶ್ವಾಸಸಾಧನೆಯನ್ನು ಮಾಡುವವರು ಮಾಡಲಿ. ಊರುಗೋಲಿನಂತೆ ಅದರಿಂದ ಉಪಕಾರವಿದೆ. ಊರುಗೋಲು ಹಿಡಿದೂ ಎಡವಿದವನನ್ನು, ಕೋಲನ್ನು ಸರಿಯಾಗಿ ಹಿಡಿಯಲಿಲ್ಲವೆಂದು ಗದರುವುದು ಮಾತ್ರ ಬೇಡ. ಮಾತು ಮುಗಿಯುವವರೆಗೆ ತಾಳ್ಮೆಯಿಂದ ಕೇಳುವುದು ಕೇಳುವವನ ಪಾಲಿನ ಚಿಕಿತ್ಸೆಯು. ಅದಕ್ಕೆ ಯಾವ ಪ್ರಾಣಾಯಾಮವೂ ಬೇಕಾಗಿಲ್ಲ.